ಮೋಟಾರು ಮನೆಯಲ್ಲಿ ವಯನಾಡಿನ ತೋಟಕ್ಕೆ

ಪ್ರವಾಸ ಎಂದೊಡನೆ ನಮ್ಮ ಮನೆಗಳಲ್ಲಿ ಮೊದಲು ಏಳುವ ಪ್ರಶ್ನೆ ಊಟದ್ದು. ಎಲ್ಲಿ ಉಣ್ಣುವುದು, ಹೊತ್ತು ಮುಳುಗುವ ಮೊದಲು ಸಿಕ್ಕೀತೇ, ನೀರು ಸೋಸಿದ್ದೇ, ಗೆಡ್ಡೆ ಹಾಕದ ಪಲ್ಯ ದೊರೆತೀತೇ? ಎರಡನೆಯ ಪ್ರಶ್ನೆ ಹೆಂಗಸರದ್ದು ಮತ್ತು ವಯಸ್ಸಾದವರದ್ದು. ದಾರಿಯಲ್ಲಿ ಶೌಚಕ್ಕೆ ಏನು ಗತಿ? ಈ ಎರಡಕ್ಕೂ ಉತ್ತರ ಸಿಗದೆ ಎಷ್ಟೋ ಹಿರಿಯರು "ನೀವು ಹೋಗಿಬನ್ನಿ, ನಾವು ಮನೆ ನೋಡಿಕೊಳ್ಳುತ್ತೇವೆ" ಎಂದು ಹಿಂದೆ ಉಳಿದುಬಿಡುತ್ತಾರೆ. ಮೂರು ತಲೆಮಾರು ಒಟ್ಟಿಗೆ ದಾರಿ ನಡೆಯುವುದು ಹೀಗೆ ಕಡಿಮೆಯಾಗುತ್ತ ಬಂದಿದೆ.

2025ರ ಮಾರ್ಚ್ ತಿಂಗಳಲ್ಲಿ ನಾವು ಆರು ಮಂದಿ ಹೊಸೂರಿನಿಂದ ಹೊರಟು, ಮೂರು ದಿನ ಮೋಟಾರು ಮನೆಯಲ್ಲಿ ಪ್ರಯಾಣ ಮಾಡಿ, ವಯನಾಡಿನಲ್ಲಿರುವ ನಮ್ಮ ಹಿರಿಯರ ಕಾಫಿ ತೋಟ ಸೇರಿದೆವು. ಆ ವಿವರ ಓದುಗ ಬಂಧುಗಳಿಗೆ ಉಪಯೋಗವಾದೀತೆಂದು ಬರೆಯುತ್ತಿದ್ದೇವೆ.

ಹೊರಡಲು ಕಾರಣ

ನಮ್ಮ ಅಜ್ಜನವರ ಕಾಲದ ತೋಟ ಸುಲ್ತಾನ್ ಬತ್ತೇರಿಯಿಂದ ಕಲ್ಪೆಟ್ಟಕ್ಕೆ ಹೋಗುವ ದಾರಿಯಲ್ಲಿ, ಮೀನಂಗಾಡಿಯ ಹತ್ತಿರ ಇದೆ. ಹನ್ನೆರಡು ಎಕರೆ. ಅದರಲ್ಲಿ ರೋಬಸ್ಟಾ ಕಾಫಿ, ಮರಗಳಿಗೆ ಹಬ್ಬಿದ ಮೆಣಸು, ತಗ್ಗಿನಲ್ಲಿ ಒಂದಿಷ್ಟು ಗದ್ದೆ. ನಾವು ಹಿರಿಯ ಮಗನಾದ್ದರಿಂದ ಎಳೆಯ ವಯಸ್ಸಿಗೇ ಹೊಸೂರಿಗೆ ಬಂದು ಬಟ್ಟೆ ಅಂಗಡಿ ಹಿಡಿದೆವು. ತಂಗಿ ಮದುವೆಯಾಗಿ ಬೆಂಗಳೂರು ಸೇರಿದಳು. ತಮ್ಮನೊಬ್ಬನೇ ತೋಟದಲ್ಲಿ ಉಳಿದ.

ಅವನಿಗೀಗ ಐವತ್ತೇಳು. ಕೆಲಸಕ್ಕೆ ಆಳು ಸಿಗುವುದಿಲ್ಲ, ಮಂಗಗಳ ಕಾಟ, ಒಮ್ಮೊಮ್ಮೆ ಆನೆಯ ಭಯ. 2024ರ ದೀಪಾವಳಿಯ ಹೊತ್ತಿಗೆ ಒಬ್ಬರು ತೋಟ ಕೇಳಿಕೊಂಡು ಬಂದರು. ಅವರಿಗೆ ಬೇಕಾದದ್ದು ಕಾಫಿಯಲ್ಲ, ರೆಸಾರ್ಟ್ ಕಟ್ಟಲು ಜಾಗ. ಅವರು ಹೇಳಿದ ಮೊತ್ತ ಮೂರು ತಲೆಮಾರು ದುಡಿದರೂ ನಾವು ಕಾಣದಂಥದ್ದು. ಯುಗಾದಿಯೊಳಗೆ ಉತ್ತರ ಬೇಕು ಎಂದರು. ತಂಗಿಗೆ ಮನೆಸಾಲ ಇದೆ, ಮಗಳ ಓದು ಇದೆ. ಅವಳು ಮಾರೋಣ ಎಂದಳು. ಅದರಲ್ಲಿ ತಪ್ಪೇನೂ ಇಲ್ಲ. ತಮ್ಮ ಮಾತ್ರ ಒಂದೇ ಮಾತು ಹೇಳಿದ: "ಮಾರುವುದಾದರೆ ಮಾರೋಣ. ಆದರೆ ಮಕ್ಕಳು ಒಂದು ಸಾರಿ ಹೂವಿನಲ್ಲಿ ನೋಡಲಿ."

ಕಾಫಿ ಹೂ ನಮ್ಮ ರಜೆಗೆ ಕಾಯುವುದಿಲ್ಲ. ಕೊಯ್ಲು ಮುಗಿದ ಮೇಲೆ ಗಿಡದಲ್ಲಿ ಮೊಗ್ಗು ಕಟ್ಟಿ ಹಾಗೆಯೇ ನಿದ್ದೆ ಮಾಡುತ್ತಿರುತ್ತದೆ. ಫೆಬ್ರವರಿ, ಮಾರ್ಚ್‌ನಲ್ಲಿ ಒಂದು ಒಳ್ಳೆಯ ಮಳೆ ಬೀಳಬೇಕು. ಹೂಮಳೆ ಎನ್ನುವುದು ಅದಕ್ಕೆ. ಮಳೆ ಬಿದ್ದು ಏಳೆಂಟು ದಿನಕ್ಕೆ ತೋಟವೆಲ್ಲ ಒಟ್ಟಿಗೆ ಅರಳುತ್ತದೆ, ಎರಡು ಮೂರು ದಿನದಲ್ಲಿ ಬಾಡುತ್ತದೆ. ಮಾರ್ಚ್ ಎರಡನೆಯ ವಾರ ತಮ್ಮನಿಂದ ಫೋನು ಬಂತು: "ಮಳೆ ಬಂತು, ಹೊರಡಿ." ಕೈಯಲ್ಲಿ ಒಂದೇ ವಾರ.

ಮೋಟಾರು ಮನೆ ಎಂದರೇನು

ಬೇರೆ ದೇಶಗಳಲ್ಲಿ ಇದು ಹಳೆಯದು. ನಮ್ಮ ಕಡೆ ಇತ್ತೀಚಿನದು. ಕೇರಳ ಸರ್ಕಾರ 2021ರಲ್ಲಿ ಕ್ಯಾರವಾನ್ ಪ್ರವಾಸಕ್ಕೆಂದೇ ಒಂದು ನೀತಿ ಮಾಡಿತು. ಈಗ ದೊಡ್ಡ ಊರುಗಳಲ್ಲಿ ಚಾಲಕನ ಸಮೇತ ಬಾಡಿಗೆಗೆ ಸಿಗುತ್ತದೆ. ನಮ್ಮ ಮಗ ಗೊತ್ತು ಮಾಡಿದ್ದು ಮಿನಿ ಬಸ್ಸಿನಷ್ಟು ದೊಡ್ಡದು. ಹಿಂದೆ ಇಬ್ಬರಿಗೆ ಹಾಸಿಗೆ. ನಡುವೆ ಊಟದ ಮೇಜು, ರಾತ್ರಿ ಅದನ್ನು ಇಳಿಸಿದರೆ ಇನ್ನಿಬ್ಬರಿಗೆ ಹಾಸಿಗೆ. ಚಾಲಕನ ತಲೆಯ ಮೇಲಿನ ಅಟ್ಟ ಮಕ್ಕಳಿಗೆ. ಎರಡು ಒಲೆ, ಪಾತ್ರೆ ತೊಳೆಯುವ ತೊಟ್ಟಿ, ಸಣ್ಣ ಫ್ರಿಜ್, 120 ಲೀಟರ್ ನೀರಿನ ಟ್ಯಾಂಕು, ಒಂದು ಪುಟ್ಟ ಶೌಚಾಲಯ. ಮಾಡಿನ ಮೇಲೆ ಸೋಲಾರ್ ಫಲಕ. ರಾತ್ರಿ ನಿಂತಲ್ಲಿ ಕರೆಂಟು ಕೊಟ್ಟರೆ ಎಸಿಯೂ ನಡೆಯುತ್ತದೆ.

ನಮ್ಮ ಮನೆಯವರ ಮೊಣಕಾಲಿಗೆ ಶಸ್ತ್ರಚಿಕಿತ್ಸೆ ಆಗಿದೆ. ಕಾರಿನಲ್ಲಿ ಎರಡು ಗಂಟೆ ಕೂತರೆ ಇಳಿಯುವುದು ಕಷ್ಟ. ಗಾಡಿಯೊಳಗೆ ಹತ್ತಿ ಒಂದು ಸುತ್ತು ನೋಡಿದವರು ಬೇರೇನೂ ಹೇಳದೆ ಒಲೆಯ ಪಕ್ಕ ಮಸಾಲೆ ಡಬ್ಬಿ ಇಟ್ಟರು. ಒಪ್ಪಿಗೆ ಆಯಿತೆಂದು ತಿಳಿದುಕೊಂಡೆವು.

ಬೆಳಗೊಳ ಮತ್ತು ಕಂಬದಹಳ್ಳಿ

ಬೆಳಗಿನ ಜಾವ ಹೊರಟು, ಬೆಳಕು ಹರಿಯುವ ಮೊದಲೇ ಬೆಂಗಳೂರು ದಾಟಿ, ನೆಲಮಂಗಲ, ಕುಣಿಗಲ್, ಬೆಳ್ಳೂರು ಕ್ರಾಸ್ ದಾರಿಯಾಗಿ ಶ್ರವಣಬೆಳಗೊಳ ಸೇರಿದೆವು. ದಾರಿಯುದ್ದಕ್ಕೂ ಹೊಂಗೆ ಚಿಗುರಿತ್ತು, ಮಾವು ಮಿಡಿ ಕಟ್ಟಿತ್ತು. ಮರದ ನೆರಳು ಕಂಡಲ್ಲಿ ನಿಲ್ಲಿಸಿ ತಿಂಡಿ. ಮನೆಯ ಚಟ್ನಿ, ಮನೆಯ ನೀರು.

ಬೆಳಗೊಳ ನಮ್ಮ ಓದುಗರಿಗೆ ಗೊತ್ತಿಲ್ಲದ ಕ್ಷೇತ್ರವಲ್ಲ. ಹೆಚ್ಚು ಬರೆಯುವುದಿಲ್ಲ. ಮಾರ್ಚ್ ತಿಂಗಳಲ್ಲಿ ಹೋಗುವವರಿಗೆ ಒಂದೇ ಸೂಚನೆ. ಹತ್ತು ಗಂಟೆಯ ಮೇಲೆ ವಿಂಧ್ಯಗಿರಿಯ ಬಂಡೆ ಬರಿಗಾಲಿಗೆ ಕಾದ ಹೆಂಚು. ನಾವು ಹಿಂದಿನ ರಾತ್ರಿಯೇ ಕೆಳಗೆ, ಅನುಮತಿ ಪಡೆದು ಒಂದು ವಸತಿಗೃಹದ ಅಂಗಳದಲ್ಲಿ ಗಾಡಿ ನಿಲ್ಲಿಸಿದ್ದರಿಂದ, ಬೆಳಗ್ಗೆ ಬೇಗನೆ ಮೆಟ್ಟಿಲ ಬುಡದಲ್ಲಿದ್ದೆವು. ಸುಮಾರು 650 ಮೆಟ್ಟಿಲು. ನಮ್ಮ ಮನೆಯವರು ಡೋಲಿಯಲ್ಲಿ ಬಂದರು. 58 ಅಡಿಯ ಮೂರ್ತಿಯ ಮುಖಕ್ಕೆ ಎಳೆಬಿಸಿಲು ಬಿದ್ದ ಹೊತ್ತು. ಎಲ್ಲದಕ್ಕೂ ಪ್ರಶ್ನೆ ಕೇಳುವ ಮೊಮ್ಮಗ ಕೂಡ ಸುಮ್ಮನೆ ನಿಂತಿದ್ದ.

ಅಲ್ಲಿಂದ ಸುಮಾರು 18 ಕಿ.ಮೀ. ದೂರದ ಕಂಬದಹಳ್ಳಿಗೆ ಮಾತ್ರ ನಮ್ಮವರು ಹೋಗುವುದು ಕಡಿಮೆ. ಊರಿಗೆ ಹೆಸರು ಬಂದದ್ದೇ ಅಲ್ಲಿನ ಮಾನಸ್ತಂಭದಿಂದ. ಗಂಗರ ಕಾಲದ ಪಂಚಕೂಟ ಬಸದಿ, ಐದು ಗರ್ಭಗುಡಿಗಳು ಒಂದೇ ಅಂಗಳಕ್ಕೆ ಮುಖ ಮಾಡಿ ನಿಂತಿವೆ. ನಾವು ಹೋದಾಗ ಬೇರೆ ಯಾತ್ರಿಕರು ಇರಲಿಲ್ಲ. ಗಿಳಿಗಳ ಸದ್ದು ಬಿಟ್ಟರೆ ನಿಶ್ಶಬ್ದ. ಸೊಸೆ ಒಳಗಿನ ತಂಪಿನಲ್ಲಿ ಕುಳಿತು, "ಇಷ್ಟು ಹತ್ತಿರದಲ್ಲಿ ಇದ್ದದ್ದನ್ನು ಇಷ್ಟು ವರ್ಷ ನೋಡಿರಲಿಲ್ಲವಲ್ಲ ಮಾವ" ಎಂದಳು. ನಮ್ಮ ತೋಟದ ನೆನಪು ನಮಗೆ ಅಲ್ಲಿಯೇ ಬಂತು. ಅವಳು ಅದನ್ನೂ ನೋಡಿದ್ದು ಮದುವೆಯಾದ ವರ್ಷ ಒಂದೇ ಸಾರಿ, ಅದೂ ಜೋರು ಮಳೆಯಲ್ಲಿ.

ನಾಗಮಂಗಲ, ಶ್ರೀರಂಗಪಟ್ಟಣ ಹಾದು ಮೈಸೂರು. ಸಂಜೆ ಆರರೊಳಗೆ ಪರಿಚಿತರ ಕಲ್ಯಾಣಮಂಟಪದ ಅಂಗಳದಲ್ಲಿ ಗಾಡಿ ನಿಂತಿತು. ಚಪಾತಿ, ಹೆಸರುಬೇಳೆ, ಮೊಸರನ್ನ. ಹೊತ್ತು ಮುಳುಗುವಷ್ಟರಲ್ಲಿ ಪಾತ್ರೆ ತೊಳೆದಾಗಿತ್ತು. ರಾತ್ರಿ ತಮ್ಮನ ಫೋನು: "ಮೊಗ್ಗು ಬೆಳ್ಳಗೆ ಊದಿಕೊಂಡಿದೆ. ನಾಡಿದ್ದು ಬೆಳಗ್ಗೆ ಅರಳಬಹುದು. ಆದರೆ ಮೋಡ ಕಟ್ಟುತ್ತಿದೆ." ಅರಳಿದ ದಿನ ಮಳೆ ಬಿದ್ದರೆ ಪರಾಗ ತೊಳೆದುಹೋಗಿ ಕಾಯಿ ಕಚ್ಚುವುದಿಲ್ಲ. ಕರೆತರುವುದೂ ಮಳೆ, ಕೆಡಿಸುವುದೂ ಮಳೆ.

ಕಪಿಲೆಯಿಂದ ಕಾಡಿಗೆ

ಮೂರನೆಯ ದಿನ ನಂಜನಗೂಡಿನಲ್ಲಿ ಕಪಿಲೆಯ ದಡದಲ್ಲಿ ನಿಂತೆವು. 1735ರಲ್ಲಿ ಕಟ್ಟಿದ ಹಳೆಯ ಸೇತುವೆ ಅಲ್ಲಿದೆ. ಮುಂದೆ ಒಂದು ಕಾಲಕ್ಕೆ ಅದರ ಮೇಲೆ ರೈಲೂ ಓಡಿತು. ಕಪಿಲೆ ಎಂದರೆ ಕಬಿನಿ. ಅದು ಹುಟ್ಟುವುದು ವಯನಾಡಿನಲ್ಲಿ. ನಮ್ಮ ಗದ್ದೆಯ ಬದಿಯ ತೋಡು ಪನಮರಂ ಹೊಳೆಯನ್ನು ಸೇರಿ, ಆ ಹೊಳೆ ಕಬಿನಿಯಾಗಿ, ಇಲ್ಲಿ ಹರಿದು, ತಿರುಮಕೂಡಲಿನಲ್ಲಿ ಕಾವೇರಿಯನ್ನು ಕೂಡುತ್ತದೆ. ಇದನ್ನು ಹೇಳಿದಾಗ ಮೊಮ್ಮಗಳು ಕೇಳಿದಳು: "ಹಾಗಾದರೆ ತೋಟ ಮಾರಿದರೆ ಈ ನೀರು ಯಾರದ್ದು?" ಹದಿನಾರು ವರ್ಷದ ಹುಡುಗಿ. ನೀರು ಯಾರದ್ದೂ ಅಲ್ಲ ಎಂದೆವು. ಅವಳಿಗೆ ಉತ್ತರ ಸಾಲದು ಎಂಬುದು ಮುಖದಲ್ಲಿ ಕಾಣುತ್ತಿತ್ತು.

ಗುಂಡ್ಲುಪೇಟೆಯಲ್ಲಿ ದಾರಿ ಕವಲೊಡೆಯುತ್ತದೆ. ಒಂದು ಊಟಿಗೆ, ಒಂದು ವಯನಾಡಿಗೆ. ಎರಡೂ ಬಂಡೀಪುರದ ಹುಲಿ ಕಾಡಿನ ಮೂಲಕವೇ ಹೋಗಬೇಕು. ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಈ ರಸ್ತೆಗಳಲ್ಲಿ ಸಂಚಾರ ನಿಷೇಧ. 2009ರಲ್ಲಿ ಬಂದ ಆದೇಶವನ್ನು 2010ರಲ್ಲಿ ಹೈಕೋರ್ಟು ಎತ್ತಿಹಿಡಿಯಿತು. ವಯನಾಡಿನ ವ್ಯಾಪಾರಿಗಳಿಗೆ ಇದರಿಂದ ತೊಂದರೆ ಉಂಟು. ನಮ್ಮ ತಮ್ಮನೇ ಎಷ್ಟೋ ಸಾರಿ ಗೊಣಗಿದ್ದಾನೆ. ರಾತ್ರಿ ಗಾಡಿಗೆ ಸಿಕ್ಕಿ ಸಾಯುವ ಪ್ರಾಣಿಗಳ ಲೆಕ್ಕವನ್ನೂ ಇಡಬೇಕಲ್ಲ. ಅಹಿಂಸೆಯ ಮಾತಾಡುವ ನಾವು ಒಂಬತ್ತು ಗಂಟೆ ಹೊರಗೆ ಕಾಯುವುದನ್ನು ದೊಡ್ಡ ನಷ್ಟವೆಂದು ಬರೆಯಲಾರೆವು.

ಕಾಡಿನಲ್ಲಿ ಎಲ್ಲಿಯೂ ನಿಲ್ಲಿಸಬಾರದು, ಇಳಿಯಬಾರದು, ತಿಂಡಿ ಎಸೆಯಬಾರದು. ಆದ್ದರಿಂದ ಅಡಿಗೆ ಕೆಲಸವನ್ನೆಲ್ಲ ಗುಂಡ್ಲುಪೇಟೆಯಲ್ಲೇ ಮುಗಿಸಿ ಒಲೆ ಆರಿಸಿ ಒಳಹೊಕ್ಕೆವು. ವಸಂತದಲ್ಲಿ ಕಾಡು ಹಸಿರಾಗಿರುತ್ತದೆ ಎಂದು ತಿಳಿದಿದ್ದ ಮಕ್ಕಳಿಗೆ ಆಶ್ಚರ್ಯ. ತೇಗದ ಮರಗಳೆಲ್ಲ ಬೋಳು, ನೆಲವೆಲ್ಲ ಒಣಗಿದ ಎಲೆ. ನಡುನಡುವೆ ಮುತ್ತುಗ ಮಾತ್ರ ಎಲೆಯಿಲ್ಲದ ಕೊಂಬೆಗಳಲ್ಲಿ ಕೆಂಡದಂತೆ ಹೂ ಬಿಟ್ಟಿತ್ತು. ಬೆಂಕಿ ಹರಡದಂತೆ ರಸ್ತೆಯ ಬದಿ ಹುಲ್ಲು ಸುಟ್ಟು ಬೆಂಕಿರೇಖೆ ಮಾಡಿದ್ದರು. 2019ರ ಫೆಬ್ರವರಿಯಲ್ಲಿ ಈ ಕಾಡಿನ ದೊಡ್ಡ ಭಾಗ ಉರಿದದ್ದನ್ನು ನಾವು ಮರೆತಿಲ್ಲ. ಜಿಂಕೆಯ ಹಿಂಡು ನೆರಳು ಹುಡುಕಿ ನಿಂತಿತ್ತು. ಒಂದು ಕಡೆ ಹೆಣ್ಣಾನೆ ಮರಿಯೊಡನೆ ರಸ್ತೆ ದಾಟುವ ತನಕ ಎರಡೂ ಬದಿಯ ಗಾಡಿಗಳು ಹಾರ್ನು ಮಾಡದೆ ಕಾದವು.

ಮುತ್ತಂಗ ದಾಟಿದ ಮೇಲೆ ನೋಡನೋಡುತ್ತ ಬಣ್ಣ ಬದಲಾಗುತ್ತದೆ. ಬಾಳೆ, ಅಡಿಕೆ, ಕಾಫಿ. ಬಯಲುಸೀಮೆಯ ಬಿಸಿಲು ಹಿಂದೆ ಉಳಿಯಿತು.

ಹನ್ನೆರಡು ಬೀದಿ

ಸುಲ್ತಾನ್ ಬತ್ತೇರಿಯನ್ನು ನಮ್ಮ ಹಿರಿಯರು ಆ ಹೆಸರಿನಿಂದ ಕರೆದವರಲ್ಲ. ಅವರ ಬಾಯಲ್ಲಿ ಅದು ಹನ್ನೆರಡು ಬೀದಿ. ಪೇಟೆಯ ನಡುವೆ ಇರುವ ಕಲ್ಲಿನ ಬಸದಿಯಲ್ಲಿ ಟಿಪ್ಪುವಿನ ಸೈನ್ಯ ಮದ್ದುಗುಂಡು ಇಟ್ಟದ್ದರಿಂದ ಈಗಿನ ಹೆಸರು ಬಂತು. ಬ್ಯಾಟರಿ ಬತ್ತೇರಿಯಾಯಿತು. ಇಂದು ಬಸದಿ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಹುಲ್ಲುಹಾಸು ಚೊಕ್ಕಟ, ಕಂಬಗಳು ಗಟ್ಟಿ, ಗರ್ಭಗುಡಿ ಖಾಲಿ. ಕಲ್ಪೆಟ್ಟದ ಬಳಿಯ ಪುಳಿಯಾರ್ಮಲದ ಅನಂತನಾಥ ಬಸದಿಯಲ್ಲಿ ಮಾತ್ರ ಇಂದಿಗೂ ಪೂಜೆ ನಡೆಯುತ್ತದೆ, ನಮ್ಮವರು ಸೇರುತ್ತಾರೆ.

ವಯನಾಡಿನ ನಮ್ಮವರ ಕನ್ನಡಕ್ಕೆ ಮಲಯಾಳದ ರಾಗ. ಹೊಸೂರಿನ ನಮ್ಮ ಕನ್ನಡಕ್ಕೆ ತಮಿಳು, ತೆಲುಗಿನ ಒಗ್ಗರಣೆ. ಬೆಂಗಳೂರಿನ ತಂಗಿಯ ಮಕ್ಕಳದ್ದು ಅರ್ಧ ಇಂಗ್ಲಿಷು. ಒಂದೇ ಮನೆಯ ಮೂರು ಕವಲು. ಈ ಮಕ್ಕಳು ಎಲ್ಲಿ ಕೂಡಿ ಮಾತಾಡಬೇಕು? ಮದುವೆ ಮನೆಯಲ್ಲಿ ಎರಡು ಗಂಟೆ ಕಂಡರೆ ಸಾಲುವುದಿಲ್ಲ.

ತೋಟದ ಬಾಗಿಲಲ್ಲಿ

ನಾಲ್ಕು ಗಂಟೆಗೆ ತೋಟದ ಗೇಟು. ಅಲ್ಲಿ ಗಾಡಿ ನಿಂತಿತು. ಅದರ ಎತ್ತರ ಹತ್ತಡಿ. ಒಳದಾರಿಗೆ ಅಡ್ಡವಾಗಿ ಹಳೆಯ ಹಲಸಿನ ಕೊಂಬೆ ಬಾಗಿದೆ. ತಮ್ಮ ಕತ್ತಿ ತರಿಸಲು ಹೊರಟ. ನಮ್ಮ ಮನೆಯವರು ತಡೆದರು. "ಮಿಡಿ ಬಿಟ್ಟ ಕೊಂಬೆ ಕಡಿಯುವುದೇ? ಕಾಲು ನೋವಾದರೂ ಚಿಂತೆಯಿಲ್ಲ, ನಡೆಯುತ್ತೇನೆ" ಎಂದರು. ಗಾಡಿಯನ್ನು ಗೇಟಿನ ಪಕ್ಕದ ಒಣಗಿಸುವ ಕಣದಲ್ಲಿ ಬಿಟ್ಟು, ಮುನ್ನೂರು ಹೆಜ್ಜೆ ನಡೆದು ಮನೆ ಸೇರಿದೆವು. ಎರಡೂ ಬದಿಯ ಗಿಡಗಳಲ್ಲಿ ಗೆಣ್ಣುಗೆಣ್ಣಿಗೂ ಬಿಳಿ ಮೊಗ್ಗು, ಗೊಂಚಲು ಕಟ್ಟಿದ ಅಕ್ಕಿಕಾಳಿನಂತೆ.

ತಂಗಿಯ ಮನೆಯವರು ಮೊದಲೇ ಬಂದಿದ್ದರು. ಆ ರಾತ್ರಿ ಚೆಂಬ್ರ ಬೆಟ್ಟದ ಕಡೆ ಮಿಂಚು. ತಮ್ಮ ಮಲಗಲಿಲ್ಲ. ಜಗಲಿಯಲ್ಲಿ ಕುಳಿತಿದ್ದ ಅವನ ಪಕ್ಕದಲ್ಲಿ ನಾವೂ ಕುಳಿತೆವು. ಆ ಬೆಟ್ಟದಾಚೆ ಮುಂಡಕ್ಕೈ, ಚೂರಲ್‌ಮಲ. 2024ರ ಜುಲೈ 30ರ ಬೆಳಗಿನ ಜಾವ ಗುಡ್ಡ ಕುಸಿದು ಊರುಗಳೇ ಕೊಚ್ಚಿಹೋದ ಜಾಗ. "ಅಂದಿನಿಂದ ರಾತ್ರಿ ಮಳೆಯ ಸದ್ದು ಕೇಳಿದರೆ ಎಲ್ಲರೂ ಎದ್ದು ಕೂರುತ್ತಾರೆ" ಎಂದ. ತೋಟ ಮಾರುವ ಮಾತಿನ ಹಿಂದೆ ಇದೂ ಇತ್ತೆಂದು ನಮಗೆ ಆಗ ತಿಳಿಯಿತು. ಮೂರು ಗಂಟೆಗೆ ಗಾಳಿ ತಿರುಗಿ ಮೋಡ ಸರಿಯಿತು. ಹನಿ ಬೀಳಲಿಲ್ಲ.

ಬೆಳಗ್ಗೆ ಮಕ್ಕಳನ್ನು ಎಬ್ಬಿಸಿದ್ದು ವಾಸನೆ. ಮಲ್ಲಿಗೆಯಂಥದೇ, ಆದರೆ ಇನ್ನೂ ದಟ್ಟ. ಹೊರಗೆ ಬಂದರೆ ಹನ್ನೆರಡು ಎಕರೆಯೂ ಬಿಳಿ. ಕೊಂಬೆಕೊಂಬೆಗೂ ಹತ್ತಿ ಸುತ್ತಿದಂತೆ. ಹೆಜ್ಜೇನಿನ ಝೇಂಕಾರ ಎಷ್ಟಿತ್ತೆಂದರೆ ದೂರದ ಯಂತ್ರವೆಂದು ಮೊಮ್ಮಗ ತಿಳಿದ. ರೋಬಸ್ಟಾ ಒಂದು ಗಿಡದ ಹೂ ಇನ್ನೊಂದು ಗಿಡದ ಪರಾಗದಿಂದಲೇ ಕಾಯಿ ಕಟ್ಟಬೇಕು, ಗಾಳಿ ಮತ್ತು ಜೇನು ಇಲ್ಲದೆ ಬೆಳೆಯಿಲ್ಲ. ಕೃಷಿ ಓದಿದ ತಮ್ಮನ ಮಗಳು ಇದನ್ನೆಲ್ಲ ವಿವರಿಸುತ್ತ ಹೋದಳು: ಈ ಹೂ ಹಣ್ಣಾಗಲು ಹತ್ತು ಹನ್ನೊಂದು ತಿಂಗಳು, ಎರಡು ಮೂರು ವಾರದಲ್ಲಿ ಇನ್ನೊಂದು ಮಳೆ ಬೇಕು, ವಯನಾಡು ರೋಬಸ್ಟಾಕ್ಕೆ 2019ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿದೆ. ಮೂರು ಕನ್ನಡದ ಮಕ್ಕಳೂ ಅವಳ ಹಿಂದೆ ಹಿಂದೆ.

ಲೆಕ್ಕದ ಮಾತು

ಮಧ್ಯಾಹ್ನ ಊಟವಾದ ಮೇಲೆ ದೊಡ್ಡವರು ಕುಳಿತೆವು. ಹೂ ನೋಡಿ ಮನಸ್ಸು ಕರಗಿತು ಎಂದು ಬರೆದರೆ ಚೆನ್ನಾಗಿರುತ್ತದೆ. ಆದರೆ ನಾವು ವ್ಯಾಪಾರಿ, ಸಾಲ ಹೂವಿನಿಂದ ತೀರುವುದಿಲ್ಲ. 2024, 2025ರಲ್ಲಿ ಕಾಫಿ ಬೆಲೆ ಹಿಂದೆಂದೂ ಕಾಣದಷ್ಟು ಏರಿತ್ತು ನಿಜ. ಆದರೆ 2001, 2002ರ ಸುಮಾರಿಗೆ ಅದೇ ಬೆಲೆ ಪಾತಾಳಕ್ಕೆ ಇಳಿದು, ಮೆಣಸಿನ ಬಳ್ಳಿಗಳು ರೋಗಕ್ಕೆ ಒಣಗಿ, ಹೊಸೂರಿನ ಅಂಗಡಿಯ ಹಣದಿಂದ ತೋಟ ಉಳಿದದ್ದನ್ನೂ ನಾವು ಕಂಡವರು.

ತಂಗಿಯ ಪಾಲು ಯಾರೂ ಕೊಡುವ ಉಡುಗೊರೆಯಲ್ಲ, ಅವಳ ಹಕ್ಕು. ಅದನ್ನು ಮೊದಲು ಒಪ್ಪಿಕೊಂಡೇ ಮಾತು ಶುರು ಮಾಡಿದೆವು. ಆದ ತೀರ್ಮಾನ ಹೀಗಿದೆ. ತೋಟ ಹೊರಗಿನವರಿಗೆ ಕೊಡುವುದಿಲ್ಲ. ತಂಗಿಯ ಪಾಲಿಗೆ ಐದು ಕೊಯ್ಲುಗಳಲ್ಲಿ ಹಣ ಸಲ್ಲಬೇಕು. ಆ ಕಂತು ರೂಪಾಯಿಯಲ್ಲಲ್ಲ, ಮೂಟೆಯ ಲೆಕ್ಕದಲ್ಲಿ. ಬೆಲೆ ಏರಿದರೆ ಅವಳಿಗೂ ಲಾಭ. ತೀರ ಇಳಿದರೆ ಒಂದು ಕನಿಷ್ಠ ಮೊತ್ತಕ್ಕೆ ಹೊಸೂರಿನ ಅಂಗಡಿ ಜಾಮೀನು. ತೋಟದ ಲೆಕ್ಕಪುಸ್ತಕ ತಮ್ಮನ ಮಗಳ ಕೈಗೆ, ಅವಳಿಗೆ ತಿಂಗಳ ಸಂಬಳ. ಕೊಯ್ಲಿನಲ್ಲಿ ಪ್ರತಿ ಮನೆಯಿಂದ ಒಬ್ಬರು ಹತ್ತು ದಿನ ಬಂದು ಇರಬೇಕು. ಇದನ್ನೆಲ್ಲ ಕಾಗದದ ಮೇಲೆ ಬರೆದು ಎಲ್ಲರೂ ಸಹಿ ಮಾಡಿದೆವು. ಮೊದಲ ಕಂತು ಬರಬೇಕಾದದ್ದು ಅಂದು ಬೆಳಗ್ಗೆ ಅರಳಿದ ಆ ಹೂವಿನಿಂದಲೇ.

ಒಟ್ಟು ಮೊತ್ತ ರೆಸಾರ್ಟಿನವರು ಹೇಳಿದ್ದಕ್ಕಿಂತ ಬಹಳ ಕಡಿಮೆ. ತಂಗಿ ಅದನ್ನು ತಿಳಿದೇ ಸಹಿ ಮಾಡಿದಳು. "ನನ್ನ ಮಗಳು ಬೆಳಗಿನಿಂದ ಫೋನು ಮುಟ್ಟಿಲ್ಲ" ಎಂದಷ್ಟೇ ಹೇಳಿದಳು.

ಹೋಗುವವರಿಗೆ ಕೆಲವು ಮಾತು

ಹೊಸೂರಿನಿಂದ ತೋಟಕ್ಕೆ ನಮಗೆ ಆದದ್ದು ಸುಮಾರು 430 ಕಿ.ಮೀ. ಗಾಡಿ ಲೀಟರಿಗೆ ಎಂಟು ಕಿ.ಮೀ. ಓಡಿತು. ಟ್ಯಾಕ್ಸಿ, ಎರಡು ರಾತ್ರಿಯ ಕೋಣೆ ಮತ್ತು ಹೋಟೆಲು ಊಟಕ್ಕೆ ಆಗುವುದಕ್ಕಿಂತ ಕಾಲು ಪಾಲು ಹೆಚ್ಚು ಖರ್ಚಾಯಿತು. ಗಾಡಿ ಪಡೆಯುವಾಗ ನೀರಿನ ಪಂಪು, ಬ್ಯಾಟರಿ, ಗ್ಯಾಸಿನ ಕೊಳವೆ ಕಣ್ಣೆದುರೇ ಪರೀಕ್ಷಿಸಿ. ಓಡುವಾಗ ಒಲೆ ಹಚ್ಚಬೇಡಿ. ಶೌಚದ ಪೆಟ್ಟಿಗೆಯನ್ನು ಶೌಚಾಲಯದಲ್ಲೇ ಖಾಲಿ ಮಾಡಿ, ಕೆರೆ ತೋಡುಗಳ ಹತ್ತಿರ ಬೇಡ. ರಾತ್ರಿ ರಸ್ತೆಬದಿ ನಿಲ್ಲದೆ, ಗೊತ್ತಿರುವ ಅಂಗಳದಲ್ಲಿ ಅನುಮತಿ ಪಡೆದು ನಿಲ್ಲಿಸಿ. ಚಾಲಕನಿಗೆ ಬೇರೆ ಕೋಣೆ ಕೊಡಿಸಿ, ನಿದ್ದೆಗೆಟ್ಟ ಚಾಲಕ ಎಲ್ಲರಿಗೂ ಅಪಾಯ. ಎಲ್ಲಕ್ಕಿಂತ ಮೊದಲು ಹೋಗುವ ದಾರಿಯ ಕೊನೆಯಲ್ಲಿ ಎಷ್ಟು ಎತ್ತರದ ಗಾಡಿ ನುಗ್ಗುತ್ತದೆ ಎಂದು ಕೇಳಿಕೊಳ್ಳಿ.

ಇನ್ನು, ಊರಿನಲ್ಲಿ ಹಿರಿಯರ ನೆಲ ಇರುವವರು ಪಾಲಿನ ಕಾಗದ ಬರೆಯುವ ದಿನ ಮಕ್ಕಳನ್ನು ಮೊದಲ ಬಾರಿ ಅಲ್ಲಿಗೆ ಕರೆದೊಯ್ಯಬೇಡಿ. ಅದಕ್ಕಿಂತ ಮೊದಲು, ಬೆಳೆ ನಿಂತಿರುವಾಗ, ಒಂದು ಸಾರಿ ಕರೆದೊಯ್ಯಿರಿ. ಆಮೇಲೆ ಮಾರುವುದೋ ಉಳಿಸುವುದೋ, ಏನನ್ನು ಎಂಬುದಾದರೂ ಅವರಿಗೆ ಗೊತ್ತಿರುತ್ತದೆ.